ಬಾಲ ಬಿಡಬೇಡಿ

ಇಂದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಮಗುವಿಗೆ ಉಣಿಸಿ ಮುಗಿಸಿದ ಸ್ಟೀಲ್ ತಟ್ಟೆಯೊಳಗೆ ಇಟ್ಟಿದ್ದ ನನ್ನ ಮೊಬೈಲ್ ಗಡಗಡ ನಡುಗಿದ ಸದ್ದಿಗೆ ನನಗೆ ಎಚ್ಚರವಾಯಿತು. ಮಗು ಏಳಬಾರದೆಂದು ರಿಂಗ್ ನಿಲ್ಲಿಸಿಟ್ಟಿದ್ದೆ. ಅದನ್ನು ತಟ್ಟೆಯೊಳಗೆ ಇಟ್ಟವಳೂ ನಾನೇ.

ಆ ಫೋನ್ ಎತ್ತಿದ ನಾನು, ವಯಸ್ಸು ಇಪ್ಪತ್ತೇಳು, ಪದವೀಧರೆ, ಏಳು ತಿಂಗಳ ಹೆಣ್ಣುಮಗುವಿನ ತಾಯಿ, ಕೌಟುಂಬಿಕ ಸಲಹಾ ಕೇಂದ್ರವೊಂದರ ಧ್ವನಿಮುದ್ರಣಗಳನ್ನು ಮನೆಯಲ್ಲೇ ಕೇಳಿ ಟೈಪ್ ಮಾಡಿಕೊಡುವ ಕೆಲಸದವಳು, ನನ್ನ ಹೆಸರು, ವಿಳಾಸ ಮತ್ತು ಗುರುತಿನ ಚೀಟಿಯ ಪ್ರತಿಯನ್ನು ಮೊದಲ ಹಾಳೆಗೆ ಲಗತ್ತಿಸಿ, ಈ ಮೂಲಕ ತಿಳಿಸುವುದೇನೆಂದರೆ:

ಈ ಹೇಳಿಕೆಯನ್ನು ನಾನೇ ಕೈಯಾರೆ ಬರೆಯುತ್ತಿದ್ದೇನೆ. ಠಾಣೆಯ ರೈಟರ್ ಮೊದಲು ನಾನು ಹೇಳಿದ್ದನ್ನು ಅರ್ಧ ಪುಟದಷ್ಟು ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, "ಫೈಲಿಗೆ ಬಾಲ ಅಂದ್ರೆ ಏನಮ್ಮ? ನಾಯಿಯಾ ಅದು? ನೀವು ಓದಿದವರು, ನೀವೇ ಬರೀರಿ. ಯಾರು ಏನಂದ್ರೋ ಅಂದ ಹಾಗೇ ಬರೀರಿ, ಚಂದ ಮಾಡೋಕೆ ಹೋಗ್ಬೇಡಿ" ಎಂದರು. ಅದರಂತೆ ಬರೆಯುತ್ತಿದ್ದೇನೆ. ಈ ವಿಷಯಕ್ಕೆ ಸಂಬಂಧಪಟ್ಟ ಹೆಂಗಸಿನ ಹೆಸರು, ಊರು, ಫೋನ್ ನಂಬರುಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವನ್ನು ಬೇರೆ ಚೀಟಿಯಲ್ಲಿ ಬರೆದು ಮಡಚಿ ರೈಟರ್ ಅವರ ಕೈಗೆ ಕೊಟ್ಟಿದ್ದೇನೆ. ಆಕೆಯ ವಿಳಾಸವನ್ನು ಇನ್ನೊಂದು ಕಾಗದಕ್ಕೆ ಅಂಟಿಸಿ ಕಳಿಸುವ ಧೈರ್ಯ ನನಗೆ ಉಳಿದಿಲ್ಲ.

ಮೊದಲು ಬಾಲದ ವಿಷಯ. ಅದು ತಿಳಿಯದೆ ಉಳಿದದ್ದು ತಿಳಿಯುವುದಿಲ್ಲ.

ಉಪ್ಪಿನ ಡಬ್ಬಿಯೊಳಗೆ ಉಪ್ಪು ಇರುತ್ತದೆ. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಅದು ಯಾವ ಉಪ್ಪು, ಯಾವಾಗ ತಂದದ್ದು ಎಂದಿರುತ್ತದೆ. ಡಬ್ಬಿಯೊಳಗೆ ಎಷ್ಟು ಕೈಯಾಡಿಸಿದರೂ ಚೀಟಿ ಕೈಗೆ ಸಿಗುವುದಿಲ್ಲ. ಕಂಪ್ಯೂಟರಿನಲ್ಲೂ ಹೀಗೆ ಪ್ರತಿ ಫೈಲಿಗೂ ಹೊರಗಿನಿಂದ ಒಂದಿಷ್ಟು ಮಾತು ಕಟ್ಟಿಡಬಹುದು. ಫೈಲನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಕೇಳಿದರೂ ಓದಿದರೂ ಆ ಮಾತು ಅಲ್ಲಿ ಸಿಗುವುದಿಲ್ಲ. ಫೈಲುಗಳ ಪಟ್ಟಿಯಲ್ಲಿ ಹೆಸರಿನ ಪಕ್ಕದ ಅಂಕಣವನ್ನು ತೆರೆದಿಟ್ಟುಕೊಂಡವರಿಗೆ ಮಾತ್ರ ಕಾಣುತ್ತದೆ. ಇದಕ್ಕೆ ದೊಡ್ಡ ಹೆಸರೇನೋ ಇದೆ. ನಮ್ಮ ಕೇಂದ್ರದಲ್ಲಿ ಎಲ್ಲರೂ ಬಾಲ ಎನ್ನುತ್ತಾರೆ.

ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಜಗಳವಾಡಿ ಬೇರೆಯಾದ ಗಂಡ ಹೆಂಡಿರು. ಅವರ ಮಾತನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳುತ್ತಾರೆ. ನಾನು ಟೈಪ್ ಮಾಡುತ್ತೇನೆ. ಒಂದೊಂದು ಪ್ರತಿ ಎರಡೂ ಕಡೆಯ ವಕೀಲರಿಗೆ ಹೋಗುತ್ತದೆ. ಕೆಲವು ಹೆಂಗಸರು ಎಲ್ಲಿದ್ದಾರೆ ಎನ್ನುವುದು ಗಂಡಂದಿರಿಗೆ ತಿಳಿಯಬಾರದು, ಆದರೆ ಕೇಂದ್ರದವರಿಗೆ ಗೊತ್ತಿರಬೇಕು. ಮುದ್ರಣದಲ್ಲಿ ವಿಳಾಸ ಬರಕೂಡದು, ಟೈಪ್ ಮಾಡಿದ ಕಾಗದದಲ್ಲೂ ಬರಕೂಡದು. ಹಾಗಾಗಿ ಎಲ್ಲಿಗೆ ಹೋಗಬೇಕು, ಯಾವಾಗ ಫೋನ್ ಮಾಡಬೇಕು, ಮಗುವಿನ ಮುಂದೆ ಏನು ಕೇಳಬಾರದು ಎನ್ನುವುದನ್ನೆಲ್ಲ ಬಾಲದಲ್ಲಿ ಬರೆದಿಡುವುದು ನಮ್ಮ ಪದ್ಧತಿ.

ಹೋದ ತಿಂಗಳು ಮಗುವಿಗೆ ಜ್ವರ ಬಂದಾಗ, ನಾನು ಆತುರದಲ್ಲಿ ಕೇಂದ್ರದ ಮುದ್ರಣಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಮನೆಗೆ ತಂದೆ. ಆ ಪೆನ್‌ಡ್ರೈವ್ ಹಳೆಯ ನಮೂನೆಯದು. ಅದು ಫೈಲನ್ನು ಹಿಡಿದುಕೊಳ್ಳುತ್ತದೆ, ಬಾಲಕ್ಕೆ ಅದರಲ್ಲಿ ಜಾಗವಿಲ್ಲ. ನನಗೆ ಅದು ಗೊತ್ತಿರಲಿಲ್ಲ. ಕೆಲಸ ಮುಗಿಸಿ, ಬಾಲ ಉದುರಿದ ಫೈಲುಗಳನ್ನೇ ಮೂಲದ ಮೇಲೆ ತಿರುಗಿ ಹಾಕಿದೆ. ನಮ್ಮ ಹಿರಿಯ ಸಮಾಲೋಚಕಿ, ಅವರನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತೇವೆ, ಎಲ್ಲರಿಗೂ ಮತ್ತೆ ಫೋನ್ ಮಾಡಿ ಒಂದೊಂದು ಬಾಲವನ್ನೂ ಹೊಸದಾಗಿ ಬರೆಯಬೇಕಾಯಿತು. ಆ ದಿನ ಎಲ್ಲರ ಮುಂದೆ ಅವರು ನನಗೆ, "ಬಾಲಾನೇ ಬಿಟ್ಟು ತಂದಿದ್ದೀರಲ್ಲಮ್ಮ! ಮಂಗನಿಂದ ಮನುಷ್ಯ ಆಗೋಕೆ ಲಕ್ಷಾಂತರ ವರ್ಷ ಹಿಡೀತು, ನೀವು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ರಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಿನ ನಲ್ಲಿ ತಿರುಗಿಸಿಟ್ಟು ಅತ್ತೆ.

ಅದಾದ ಮೇಲೆ ಬಾಲ ಉದುರದಂತೆ ಫೈಲುಗಳನ್ನು ಗಂಟು ಕಟ್ಟುವುದನ್ನು, ಅಂದರೆ ಜಿಪ್ ಮಾಡುವುದನ್ನು, ಕಲಿತುಕೊಂಡೆ. ಗಂಟು ಕಟ್ಟುವಾಗ ಕಂಪ್ಯೂಟರ್ ಒಂದು ಚೌಕ ತೋರಿಸಿ, ಹೊರಗಿನ ವಿವರಗಳನ್ನೂ ಸೇರಿಸಬೇಕೇ ಎಂದು ಕೇಳುತ್ತದೆ. ಅಲ್ಲಿ ಗುರುತು ಹಾಕಿದರೆ ಗಂಟು ಎಲ್ಲಿ ಬಿಚ್ಚಿದರೂ ಬಾಲ ಜೊತೆಗೇ ಇರುತ್ತದೆ. ಇದನ್ನು ಚೆನ್ನಾಗಿ ಕಲಿತೆ. ಬೇಕಾದ್ದಕ್ಕಿಂತ ಚೆನ್ನಾಗಿ.

ಮೊನ್ನೆ ಬುಧವಾರ ದೊಡ್ಡ ಮೇಡಂ ಫೋನ್ ಮಾಡಿ, ಈಗ ಹೇಳುತ್ತಿರುವ ಹೆಂಗಸಿನ ಮೂರು ಮುದ್ರಣಗಳ ಪ್ರತಿಯನ್ನು ಶುಕ್ರವಾರದೊಳಗೆ ಗಂಡನ ಕಡೆಯ ವಕೀಲರಿಗೆ ಕಳಿಸಲು ಹೇಳಿದರು. ಕೊನೆಯಲ್ಲಿ, "ನೋಡಿ, ಬಾಲ ಬಿಡಬೇಡಿ" ಎಂದರು. ನನ್ನ ಸೊಂಟದ ಮೇಲೆ ಮಗು ಅಳುತ್ತಿತ್ತು. "ಇಲ್ಲ ಮೇಡಂ, ಈ ಸಲ ಬಿಡಲ್ಲ" ಎಂದೆ. ಅವರು "ಹುಂ, ಜಾಣೆ" ಎಂದು ಫೋನ್ ಇಟ್ಟರು.

ಬಿಡಬೇಡಿ ಎಂದರೆ ಕೈಬಿಡಬೇಡಿ ಎಂದೂ ಆಗುತ್ತದೆ, ಉಳಿಯಲು ಬಿಡಬೇಡಿ ಎಂದೂ ಆಗುತ್ತದೆ. ಅವರು ಹೇಳಿದ್ದು ಎರಡನೆಯದು. ನಾನು ಹಿಡಿದದ್ದು ಮೊದಲನೆಯದು. ನಾನು ಕಾಲೇಜಿನಲ್ಲಿ ಭಾಷೆಯನ್ನೇ ಮುಖ್ಯ ವಿಷಯವಾಗಿ ಓದಿದವಳು.

ಆ ಮೂರು ಮುದ್ರಣಗಳಲ್ಲಿ ನಾನು ಕೇಳಿದ್ದನ್ನು ಹೇಳಬೇಕು, ಏಕೆಂದರೆ ಗಂಡನಿಗೆ ವಿಳಾಸ ಸಿಕ್ಕರೆ ಏನಾಗಬಹುದು ಎನ್ನುವುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಮೊದಲನೆಯದರಲ್ಲಿ ಗಂಡನೂ ಇದ್ದಾನೆ, ಬಹಳ ಮೆಲ್ಲಗೆ, ಮರ್ಯಾದೆಯಿಂದ ಮಾತಾಡುತ್ತಾನೆ. ಕೆಮ್ಮು ಬಂದರೆ ಕ್ಷಮಿಸಿ ಎನ್ನುತ್ತಾನೆ. ಆಕೆ ಹೇಳಿದ್ದು ಹೀಗೆ: ಮನೆಯ ಎಲ್ಲ ಕೋಣೆಗಳ ಒಳಚಿಲಕಗಳನ್ನು ಆತ ಬಿಚ್ಚಿ ತೆಗೆದಿದ್ದ. ಆಕೆ ಬೇರೆ ಹೋದ ಮೇಲೆ ಒಂದು ದಿನ, ಮಗಳಿಗೆ ಐಸ್‌ಕ್ರೀಂ ಕೊಡಿಸುತ್ತೇನೆಂದು ಶಾಲೆಯ ಗೇಟಿನಿಂದ ಕರೆದುಕೊಂಡು ಹೋದವನು ನಾಲ್ಕು ದಿನ ಪತ್ತೆಯಿರಲಿಲ್ಲ. ಆ ನಾಲ್ಕು ದಿನವೂ, ನಿನ್ನ ಅಮ್ಮ ಸತ್ತುಹೋಗಿದ್ದಾಳೆ ಎಂದು ಮಗುವಿಗೆ ಹೇಳಿದ್ದ. ಮಗುವಿಗೆ ಐದು ವರ್ಷ. ಮೂರನೆಯ ಮುದ್ರಣದಲ್ಲಿ ಅದು ತಾಯಿಯ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ನಡುವೆ ಎದ್ದು, "ಅಮ್ಮಾ, ನೀನು ಸತ್ತಿಲ್ಲ ಅಲ್ವಾ?" ಎಂದು ಕೇಳಿತು. ಆಕೆ, "ಇಲ್ಲ ಕಂದ, ಮಲಕ್ಕೋ" ಎಂದಳು, ಲೈಟ್ ಆರಿಸ್ತೀನಿ ಎನ್ನುವಷ್ಟು ಸಹಜವಾಗಿ. ಪ್ರತಿ ಸಲ ಎದ್ದಾಗಲೂ ಹೀಗೇ ಕೇಳುತ್ತದೆ ಎಂದು ಸಮಾಲೋಚಕಿಗೆ ಹೇಳಿದಳು. ನಾನು ಅದನ್ನು ಟೈಪ್ ಮಾಡಿದ್ದೇನೆ. ನನ್ನ ಅತ್ತೆ ಆಗ ಬಾಗಿಲಲ್ಲಿ ನಿಂತು, "ಕಿವಿಗೆ ಆ ವಯರ್ ಸಿಕ್ಕಿಸಿಕೊಂಡು ಊರವರ ಮನೆ ಜಗಳ ಕೇಳ್ತಾ ಕೂತಿರ್ತಾಳೆ. ನಮ್ಮನೆಯಲ್ಲಿ ಜಗಳ ಆಡೋಣ ಅಂದ್ರೆ ಸೊಸೆಗೆ ಪುರುಸೊತ್ತೇ ಇಲ್ಲ" ಎಂದು ಹಾಸ್ಯ ಮಾಡಿದ್ದು ನೆನಪಿದೆ. ನಾನು ಕಿವಿಯಿಂದ ವಯರ್ ತೆಗೆದು, ಆಮೇಲೆ ಮತ್ತೆ ಹಾಕಿಕೊಂಡೆ.

ಇಂದು ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ಮೂರು ಫೈಲುಗಳನ್ನೂ ಆರಿಸಿ ಗಂಟು ಕಟ್ಟಿದೆ. ಚೌಕ ಬಂತು. ಗುರುತು ಹಾಕಿದೆ. ಹಾಕಿದ ಮೇಲೆ ಒಂದು ಯೋಚನೆ ಬಂತು: ಗಂಡನ ವಕೀಲರಿಗೆ ಬಾಲ ಯಾಕೆ? ದೊಡ್ಡ ಮೇಡಂಗೆ ಫೋನ್ ಮಾಡಿ ಕೇಳೋಣ ಎಂದು ಮೊಬೈಲ್ ಕೈಗೆ ತೆಗೆದುಕೊಂಡೆ. ಇಷ್ಟೂ ತಿಳಿಯಲ್ವೇನಮ್ಮ ಎಂದಾರು ಅನ್ನಿಸಿತು. ಮಂಗನ ಮಾತು ಇನ್ನೊಮ್ಮೆ ಕೇಳಲು ಮನಸ್ಸಾಗಲಿಲ್ಲ. ಮೂರು ರಾತ್ರಿಯಿಂದ ನಾನು ಒಟ್ಟು ಎಷ್ಟು ಹೊತ್ತು ಮಲಗಿದ್ದೇನೆ ಎಂದು ಲೆಕ್ಕವಿಲ್ಲ, ಮಗುವಿಗೆ ಹಲ್ಲು ಬರುತ್ತಿದೆ. ಆದರೆ ನಿದ್ದೆಯ ಮೇಲೆ ಇದನ್ನು ಹಾಕಲಾರೆ. ಯೋಚನೆ ಬಂದದ್ದು ನಿಜ. ಬಂದಿರಲಿಲ್ಲ ಎಂದು ಬರೆದರೆ ಈ ಹೇಳಿಕೆ ಸುಳ್ಳಾಗುತ್ತದೆ. ಮೊಬೈಲ್ ಕೆಳಗಿಟ್ಟು ಮೇಲ್ ಕಳಿಸಿದೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಫೋನ್ ಮಾಡಿದವರು ಆ ವಕೀಲರ ಗುಮಾಸ್ತರು.

"ಮೇಡಂ, ನೀವು ಕಳಿಸಿದ್ದು ಬಂತು, ಬಿಚ್ಚಿದೆ, ಎಲ್ಲಾ ಸರಿ ಇದೆ. ಒಂದೇ ಒಂದು ಡೌಟು. ಫೈಲ್ ಹೆಸರಿನ ಪಕ್ಕ ಉದ್ದಕ್ಕೆ ಒಂದು ಸಾಲು ಬರ್ತಾ ಇದೆ. ಮುಂದಿನ ಗೇಟು ಬೀಗ, ಹಿಂದಿನ ಮೆಟ್ಟಿಲು, ಎರಡನೇ ಮಹಡಿ ಅಂತೆಲ್ಲ. ಇದನ್ನೂ ಪ್ರಿಂಟ್ ಹಾಕ್ಬೇಕಾ?"

ಅಲ್ಲಿ ಯಾರಿದ್ದಾರೆ ಎಂದು ಕೇಳಿದೆ.

"ಯಾರೂ ಇಲ್ಲ ಮೇಡಂ. ನಮ್ಮ ಪಾರ್ಟಿ ಇದ್ರು, ಅದೇ ಆಕೆ ಗಂಡ, ಈಗ ತಾನೆ ಎದ್ದು ಹೋದ್ರು. ಇದೇನಿದು ಅಂತ ತೋರಿಸಿದ್ದೇ ಅವರು. ನನ್ನ ಪೆನ್ನು ಇಸ್ಕೊಂಡು ಅಂಗೈ ಮೇಲೆ ಬರ್ಕೊಂಡ್ರು. ಕಾಗದ ಕೊಡ್ತೀನಿ ಅಂದೆ, ಬೇಡ ಬಿಡಿ ಅಂದ್ರು. ಪೆನ್ನು ವಾಪಸ್ ಕೊಟ್ಟು ಥ್ಯಾಂಕ್ಸ್ ಅಂದ್ರು. ಒಳ್ಳೇ ಮನುಷ್ಯ ಮೇಡಂ."

ಅದು ಹಳೆಯ ವಿಳಾಸ, ಈಗ ಅಲ್ಲಿ ಯಾರೂ ಇಲ್ಲ ಎಂದೆ. ಇದು ಸುಳ್ಳು. "ಅಯ್ಯೋ, ಸುಮ್ಮನೆ ಕೈ ಮಸಿ ಮಾಡ್ಕೊಂಡ್ರಲ್ಲ!" ಎಂದು ಗುಮಾಸ್ತರು ನಕ್ಕರು. ನಾನೂ ನಕ್ಕೆ.

ಆಮೇಲೆ ಮಾಡಬೇಕಾಗಿದ್ದದ್ದು ಒಂದೇ ಕೆಲಸ, ದೊಡ್ಡ ಮೇಡಂಗೆ ಹೇಳುವುದು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಅರ್ಜೆಂಟ್ ಕೆಲಸ ಎಂದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಳಿಸಿದ ಮೇಲ್‌ಗಳಲ್ಲಿ ಬೆಳಿಗ್ಗೆಯದನ್ನು ಅಳಿಸಿದೆ. ಅಳಿಸಿದ್ದರ ಕಸದಬುಟ್ಟಿಯಿಂದಲೂ ಅಳಿಸಿದೆ. ಕೇಂದ್ರದವರು ನೋಡಿದರೆ ಸಿಗಬಾರದೆಂದು. ನಂತರ ಮೂರೂ ಫೈಲುಗಳ ಬಾಲ ಕತ್ತರಿಸಿ, ಒಂದೊಂದನ್ನೂ ಎರಡೆರಡು ಸಲ ನೋಡಿ, ಹೊಸ ಗಂಟು ಕಟ್ಟಿದೆ. ಬೆಳಿಗ್ಗೆ ಮೂರು ಫೈಲುಗಳನ್ನು ಬಿಡಿಬಿಡಿಯಾಗಿ ಆರಿಸಿದ್ದೆ. ಈ ಸಲ ಒಂದೊಂದಾಗಿ ಆರಿಸುವ ಸಹನೆಯಿರಲಿಲ್ಲ. ಅವುಗಳಿದ್ದ ಫೋಲ್ಡರನ್ನೇ ಇಡಿಯಾಗಿ ಕಟ್ಟಿದೆ. ಚೌಕದ ಗುರುತು ಬೆಳಿಗ್ಗೆ ಹಾಕಿದ ಹಾಗೇ ಇತ್ತು. ಹೇಗೂ ಬಾಲ ಕತ್ತರಿಸಿಯಾಗಿದೆಯಲ್ಲ ಎಂದು ಅದರ ಕಡೆ ನೋಡಲಿಲ್ಲ.

ತಾಂತ್ರಿಕ ದೋಷದಿಂದ ಹಿಂದಿನದು ಸರಿಯಾಗಿ ಬಂದಿಲ್ಲ, ದಯವಿಟ್ಟು ಅದನ್ನು ಅಳಿಸಿ ಇದನ್ನು ಬಳಸಿ ಎಂದು ಬರೆದು, ಐದೂ ಕಾಲಿಗೆ ಕಳಿಸಿದೆ. ತಾಂತ್ರಿಕ ದೋಷ ಯಾವುದೂ ಇರಲಿಲ್ಲ. ಕಂಪ್ಯೂಟರ್ ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡಿತ್ತು.

ಆರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ದೊಡ್ಡ ಮೇಡಂ ಅವರೇ ಫೋನ್ ಮಾಡಿದರು. ಅವರ ಹಿಂದೆ ರೈಲ್ವೆ ಸ್ಟೇಷನ್ನಿನ ಸದ್ದಿತ್ತು. ತಂಗಿಯ ಮನೆಗೆ ಹೊರಟಿದ್ದೇನೆ, ಏಳು ಹತ್ತಕ್ಕೆ ಗಾಡಿ ಎಂದರು.

"ಮಗು ಹೇಗಿದೆಯಮ್ಮ? ಹಲ್ಲು ಬಂತಾ?"

"ಒಂದು ಬಂದಿದೆ ಮೇಡಂ."

"ಒಂದಕ್ಕೇ ಇಷ್ಟು ರಂಪ ಮಾಡಿದ್ರೆ ಮೂವತ್ತೆರಡು ಬರೋ ಹೊತ್ತಿಗೆ ನಿಮ್ಮನ್ನ ಊರು ಬಿಡಿಸ್ತಾಳೆ. ಅದಿರ್ಲಿ, ಆ ಗಂಡನ ಕಡೆಯವರಿಗೆ ಹೋಯ್ತಾ?"

"ಹೋಯ್ತು ಮೇಡಂ."

"ಬಾಲ ಇಲ್ಲ ತಾನೆ?"

"ಇಲ್ಲ ಮೇಡಂ."

"ಅಷ್ಟು ನೆಮ್ಮದಿ. ಗಾಡಿ ಹತ್ತಿದ ಮೇಲೆ ದಾರಿಯುದ್ದಕ್ಕೂ ಸಿಗ್ನಲ್ ಇರಲ್ಲ, ಅದಕ್ಕೇ ಕೇಳಿದೆ. ಮಲಗಿ ಸ್ವಲ್ಪ" ಎಂದು ಫೋನ್ ಇಟ್ಟರು.

ಇಲ್ಲ ಎಂದು ಹೇಳುವಾಗ, ಈಗ ಕಳಿಸಿದ್ದರಲ್ಲಿ ಬಾಲ ಇಲ್ಲವಲ್ಲ, ಹಾಗಾಗಿ ಇದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೇಂದ್ರದ ಕೀಲಿ ದೊಡ್ಡ ಮೇಡಂ ಅವರ ಬ್ಯಾಗಿನಲ್ಲಿರುತ್ತದೆ. ಸ್ಟೇಷನ್ನಿನಿಂದ ಕೇಂದ್ರಕ್ಕೆ ಹತ್ತು ನಿಮಿಷದ ದಾರಿ. ಆ ಹೆಂಗಸು ಕೇಂದ್ರದ ಫೋನ್ ಬಂದರೆ ಎತ್ತುತ್ತಾಳೆ. ನಾನು ಆಗ ಒಂದು ಮಾತು ಹೇಳಿದ್ದರೆ ಅವರು ಗಾಡಿ ಬಿಟ್ಟು ಹೋಗಿ ಫೋನ್ ಮಾಡುತ್ತಿದ್ದರು. ಅವರು ಅಂಥವರು. ನನಗೆ ಅದು ಗೊತ್ತಿತ್ತು.

ಎಂಟು ಗಂಟೆಗೆ ಮಗುವನ್ನು ಮಲಗಿಸಿ, ಬೆಳಿಗ್ಗೆಯದನ್ನು ಅಳಿಸಿದರೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಗುಮಾಸ್ತರಿಗೆ ಫೋನ್ ಮಾಡಿದೆ. ಅವರು ಮನೆಯಲ್ಲಿ ಊಟಕ್ಕೆ ಕೂತಿದ್ದರು. ಅಗಿಯುವ ಸದ್ದು, ಟಿ.ವಿ.ಯ ಸದ್ದು ಕೇಳುತ್ತಿತ್ತು.

"ಆಗಲೇ ಅಳಿಸಿದೆ ಮೇಡಂ. ಹೊಸದು ಬಂತಲ್ಲ, ಏನೇನು ಬಂತು ಅಂತ ಸ್ಕ್ರೀನ್ ಫೋಟೊ ತೆಗೆದು ಪಾರ್ಟಿಗೂ ಹಾಕ್ಬಿಟ್ಟೆ. ನಮ್ಮಲ್ಲಿ ಅದು ರೂಢಿ. ಇಲ್ಲದಿದ್ರೆ ನಮಗೆ ತೋರಿಸ್ಲೇ ಇಲ್ಲ ಅಂತ ಕುತ್ತಿಗೆಗೆ ಬರ್ತಾರೆ. ಈ ಸಲ ಫೈಲ್ ಪಕ್ಕ ಏನೂ ಇಲ್ಲ, ಕ್ಲೀನು. ಫೋಲ್ಡರ್ ಪಕ್ಕ ಮಾತ್ರ ಒಂದು ಸಾಲಿತ್ತು."

ಫೋಲ್ಡರಿಗೂ ಬಾಲ ಇರುತ್ತದೆ. ಫೈಲಿಗೆ ಹೇಗೋ ಅದನ್ನು ಹೊತ್ತ ಫೋಲ್ಡರಿಗೂ ಹಾಗೆ. ನನಗೆ ಅದು ಗೊತ್ತಿತ್ತು. ಆ ಬಾಗಿಲು ಹಾಕಿದ ಕೋಣೆಯಲ್ಲಿ ನೆನಪಾಗಲಿಲ್ಲ.

ಆ ಸಾಲನ್ನು ಓದಿ ಎಂದೆ. ಊಟ ಮಾಡ್ತಾ ಇದ್ದೀನಿ, ಬೆಳಿಗ್ಗೆ ನೋಡೋಣ ಎಂದರು. "ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಓದಿ" ಎಂದೆ. ಅವರು ಕೈ ಒರೆಸಿಕೊಂಡು ಮೊಬೈಲಿನಲ್ಲಿ ಫೋಟೊ ದೊಡ್ಡದು ಮಾಡಿ ಓದಿದರು. ತಾಯಿ ಕೆಲಸಕ್ಕೆ ಹೊರಡುವುದು ಬೆಳಿಗ್ಗೆ ಐದೂವರೆ. ಏಳರವರೆಗೆ ಮಗು ಒಂಟಿ, ಆಮೇಲೆ ಪಕ್ಕದ ಮನೆಯವರು ಎಬ್ಬಿಸುತ್ತಾರೆ. ಕೀಲಿ ಮೀಟರ್ ಪೆಟ್ಟಿಗೆಯ ಮೇಲೆ. ಈ ಹೊತ್ತಿನಲ್ಲಿ ಫೋನ್ ಮಾಡಬೇಡಿ, ಮಗು ಹೆದರುತ್ತದೆ.

ಓದಿ ಮುಗಿಸಿದ ಮೇಲೆ ಗುಮಾಸ್ತರು ಟಿ.ವಿ. ಆರಿಸಿದರು. "ಮೇಡಂ," ಎಂದರು, "ಇದೂ ಹಳೇದಾ?"

ಗಂಡ ಆ ಫೋಟೊ ನೋಡಿದ್ದಾನೆಯೇ ಎಂದು ಕೇಳಿದೆ. "ನೋಡಿದ್ದಾರೆ ಮೇಡಂ. ಸರಿ ಅಂತ ಹೆಬ್ಬೆರಳು ಎತ್ತಿದ ಚಿತ್ರಾನೂ ಹಾಕಿದ್ದಾರೆ" ಎಂದರು. ಆತನಿಗೆ ಫೋನ್ ಮಾಡಿ ತಡೆಯಿರಿ ಎಂದು ಕೇಳಿಕೊಂಡೆ. "ನಾನು ಗುಮಾಸ್ತ ಮೇಡಂ, ಏನಂತ ತಡೀಲಿ? ನಮ್ಮ ಸಾಹೇಬರಿಗೆ ಹೇಳ್ತೀನಿ" ಎಂದರು. ಹೇಳಿದರೋ ಇಲ್ಲವೋ ತಿಳಿಯದು. ಆಮೇಲೆ ಮಾಡಿದರೆ ಎತ್ತಲಿಲ್ಲ.

ಅಂದರೆ ವಿಳಾಸ ಹೋದದ್ದು ನನ್ನ ತಪ್ಪು ತಿಳಿವಳಿಕೆಯಿಂದ. ಹೊತ್ತು ಮತ್ತು ಕೀಲಿ ಹೋದದ್ದು ಆ ತಪ್ಪನ್ನು ಮುಚ್ಚಿಡಲು ಹೋದದ್ದರಿಂದ. ಮೊದಲನೆಯದನ್ನು ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ಎರಡನೆಯದು ಆಗುತ್ತಿರಲಿಲ್ಲ.

ಆಕೆಯ ನಂಬರಿಗೆ ನನ್ನ ಮೊಬೈಲಿನಿಂದ ಮೇಲಿಂದ ಮೇಲೆ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಎತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಗುರುತಿಲ್ಲದ ನಂಬರ್ ಯಾವುದನ್ನೂ ಎತ್ತಬೇಡ, ಮೆಸೇಜ್ ಬಂದರೆ ತೆರೆಯಬೇಡ, ಕೇಂದ್ರದ್ದು ಮತ್ತು ಪೊಲೀಸ್ ಠಾಣೆಯದು ಎರಡನ್ನು ಮಾತ್ರ ಎತ್ತು ಎಂದು ಎರಡನೆಯ ಮುದ್ರಣದಲ್ಲಿ ದೊಡ್ಡ ಮೇಡಂ ಆಕೆಗೆ ಕಲಿಸಿಕೊಟ್ಟಿದ್ದಾರೆ. ಅದನ್ನೂ ಟೈಪ್ ಮಾಡಿದವಳು ನಾನೇ. ದೊಡ್ಡ ಮೇಡಂ ಅವರ ಫೋನ್ ವ್ಯಾಪ್ತಿಯ ಹೊರಗಿತ್ತು. ನನ್ನ ಗಂಡ ಶೀತಲಗೃಹದಲ್ಲಿ ರಾತ್ರಿ ಪಾಳಿ, ಒಳಗೆ ಹೋಗುವಾಗ ಮೊಬೈಲ್ ಹೊರಗಿಡಬೇಕು.

ಅತ್ತೆ ಮಗುವಿನ ಬಟ್ಟೆ ಮಡಚುತ್ತಿದ್ದರು. "ಏನೇ ಇದು, ಮುಖ ಸುಣ್ಣ ಬಳಿದ ಗೋಡೆ ಹಾಗಾಗಿದೆ?" ಎಂದರು. ಎಲ್ಲ ಹೇಳಿದೆ. ಕೊನೆಯವರೆಗೂ ಅವರು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಹೇಳಿದರು:

"ನಾಲ್ಕು ಗಂಟೆಯಿಂದ ನನ್ನ ಕಣ್ಣೆದುರೇ ಓಡಾಡ್ತಾ ಇದ್ದೀಯ. ಹಾಲು ಉಕ್ಕಿದ್ರೆ ಬೀದಿಗೆ ಕೇಳೋ ಹಾಗೆ ಕೂಗ್ತೀಯ. ಇದಕ್ಕೆ ಬಾಯಿ ಬರಲಿಲ್ವಾ?"

"ಹೆದರಿಕೆ ಆಯ್ತು ಅತ್ತೆ."

"ಯಾರಿಗೆ ಏನಾಗುತ್ತೆ ಅಂತ?"

ನನ್ನ ಕೆಲಸ ಹೋಗುತ್ತದೆ ಎಂದೆ. ಅತ್ತೆ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು ನನ್ನನ್ನು ನೋಡಿದರು. ಮದುವೆಯಾಗಿ ಬಂದ ಮೇಲೆ ಅವರು ನನ್ನನ್ನು ಬೈದದ್ದು ಬೇಕಾದಷ್ಟು ಇದೆ. ಹಾಗೆ ನೋಡಿದ್ದು ಇದೇ ಮೊದಲು.

"ಎದ್ದೇಳು. ಠಾಣೆಗೆ ಹೋಗು."

"ಮಗು ಎದ್ದು ಅತ್ತರೆ?"

"ಅಳುತ್ತೆ. ಅತ್ತರೆ ನಾನಿದ್ದೀನಿ. ಆ ಕೂಸು ಎದ್ದು ಅತ್ತರೆ ಯಾರಿದ್ದಾರೆ ಅಲ್ಲಿ?"

ಒಂಬತ್ತೂ ಕಾಲಿಗೆ ಠಾಣೆಗೆ ಬಂದೆ. ಇನ್‌ಸ್ಪೆಕ್ಟರ್ ಸಾಹೇಬರು ಬೇರೆ ಕಡೆ ಬಂದೋಬಸ್ತಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಹೇಳಲಾಗದು, ರಾತ್ರಿ ಬಂದರೂ ಬಂದರು, ಇಲ್ಲವಾದರೆ ಬೆಳಿಗ್ಗೆ ಎಂದರು. ಮೇಜಿನ ಮೇಲಿನ ಫೋನಿನಿಂದ ಆಕೆಗೆ ಒಂದು ಕರೆ ಮಾಡಿ ಎಂದು ರೈಟರ್ ಅವರನ್ನು ಕೇಳಿಕೊಂಡೆ. ಅವರು ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಸರಿಯಾದದ್ದೇ. ಅದನ್ನೂ ಬರೆಯುತ್ತೇನೆ.

"ಗಂಡನ ಕಡೆಯವರೇ ಹೆಂಗಸರನ್ನ ಕಳಿಸ್ತಾರಮ್ಮ. ಗೆಳತಿ ಅಂತಾರೆ, ಅಕ್ಕ ಅಂತಾರೆ, ಇಲ್ಲೇ ಕೂತು ಅಳ್ತಾರೆ. ನಾವು ಕರಗಿ ಫೋನ್ ಮಾಡ್ತೀವಿ, ಆ ಕಡೆ ಎತ್ತುತ್ತಾಳೆ, ಅಲ್ಲಿಗೆ ನಂಬರ್ ಖಾತ್ರಿ ಆಯ್ತು. ಇಲ್ಲಾ, ಆಕೆ ಹೆದರಿ ಮಗು ಎತ್ಕೊಂಡು ಬೀದಿಗೆ ಇಳೀತಾಳೆ, ಅವನು ಬೀದಿಯಲ್ಲೇ ನಿಂತಿರ್ತಾನೆ. ನಿಮ್ಮನ್ನ ನಾನು ಹೇಗೆ ನಂಬ್ಲಿ?"

ಹಾಗಾದರೆ ಆ ಊರಿನ ಠಾಣೆಗಾದರೂ ತಿಳಿಸಿ ಎಂದೆ. ಅದಕ್ಕೂ ಸಾಹೇಬರ ಮಾತು ಬೇಕು, ಅದು ಬೇರೆ ಸರಹದ್ದು ಎಂದರು. ಹಾಗೆ ಹೇಳಿದರೂ ನನಗೆ ಬೆಂಚು ತೋರಿಸಿ, ಹಾಳೆ ಕೊಟ್ಟು, ಸಾಹೇಬರು ಓದಿ ನಂಬಿದರೆ ಎರಡು ನಿಮಿಷದ ಕೆಲಸ, ಅದಕ್ಕೇ ಒಂದೂ ಬಿಡದೆ ಬರೆಯಿರಿ ಎಂದರು. ಮಹಿಳಾ ಪೇದೆಯವರು ನೀರು ಕೊಟ್ಟರು. ನನ್ನ ರವಿಕೆ ಹಾಲಿಗೆ ಒದ್ದೆಯಾಗಿದ್ದನ್ನು ನೋಡಿ ತಮ್ಮ ಶಾಲು ತಂದು ಹೊದೆಸಿದರು.

ಆದ್ದರಿಂದ ಒಂದೂ ಬಿಡದೆ ಬರೆದಿದ್ದೇನೆ. ಅಳಿಸಿದ ಮೇಲ್, ಗುಮಾಸ್ತರಿಗೆ ಹೇಳಿದ ಸುಳ್ಳು, ದೊಡ್ಡ ಮೇಡಂಗೆ ಹೇಳಿದ ಸುಳ್ಳು, ಎಲ್ಲ. ಮೋಸ ಮಾಡಲು ಬಂದವಳು ಇಷ್ಟು ಕೀಳಾಗಿ ತನ್ನನ್ನು ತಾನು ಬರೆದುಕೊಳ್ಳಲಾರಳು ಎಂದು ಓದುವವರಿಗೆ ಅನ್ನಿಸಬೇಕು ಎನ್ನುವುದು ನನ್ನ ಆಸೆ. ನನ್ನ ಮೊಬೈಲ್ ಮತ್ತು ಲ್ಯಾಪ್‌ಟಾಪನ್ನು ಒಪ್ಪಿಸಿದ್ದೇನೆ, ಅವುಗಳ ಪಾಸ್‌ವರ್ಡ್‌ಗಳನ್ನು ಚೀಟಿಯ ಹಿಂಬದಿ ಬರೆದಿದ್ದೇನೆ. ಕರೆ ಮಾಡಿ ಮುಗಿಯುವವರೆಗೆ ನನ್ನನ್ನು ಈ ಬೆಂಚಿನಿಂದ ಏಳಲು ಬಿಡಬೇಡಿ. ಆಗ ನಾನು ಯಾರ ಕಡೆಯವಳಾದರೂ ಯಾರಿಗೂ ಏನೂ ಹೇಳಲಾರೆ.

ಇದರಲ್ಲಿರುವುದನ್ನು ಯಾರೂ ನನ್ನಿಂದ ಹೇಳಿಸಿ ಬರೆಸಿದ್ದಲ್ಲ. ತಿರುಗಿ ಓದಿದ್ದೇನೆ. ನನಗೆ ಅನುಕೂಲವಾಗುವಂತೆ ಬದಲಿಸಬೇಕೆನಿಸಿದ ಎರಡು ಕಡೆ ಬದಲಿಸದೆ ಹಾಗೇ ಬಿಟ್ಟಿದ್ದೇನೆ. ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ, ರೈಟರ್ ಅವರ ಮೇಜಿನ ಎದುರಿನ ಬೆಂಚು
ದಿನ: ಶುಕ್ರವಾರ, ರಾತ್ರಿ ಹನ್ನೊಂದು ಗಂಟೆ
ಸಹಿ: (ಇದೆ)

ಸಹಿಯ ಕೆಳಗೆ ಏನೂ ಬರೆಯಬಾರದು ಎಂದು ರೈಟರ್ ಹೇಳುತ್ತಿದ್ದಾರೆ. ಕ್ಷಮಿಸಿ, ಸಾಹೇಬರೇ. ಈ ಹಾಳೆ ನಿಮ್ಮ ಕೈಗೆ ಯಾವ ಹೊತ್ತಿಗೆ ಬರುತ್ತದೋ ನನಗೆ ತಿಳಿಯದು. ಐದೂವರೆಯ ನಂತರ ಬಂದರೆ ಓದುತ್ತಾ ಕೂರಬೇಡಿ, ಮೊದಲು ಆ ಊರಿನ ಠಾಣೆಗೆ ಹೇಳಿ ಗಾಡಿ ಕಳಿಸಿ. ಅದಕ್ಕೆ ಮೊದಲೇ ಬಂದರೆ ಇದೇ ಮೇಜಿನ ಮೇಲಿನ ಫೋನಿನಿಂದ ಮಾಡಿ, ನಿಮ್ಮ ಮೊಬೈಲಿನಿಂದ ಬೇಡ. ಆಕೆ ಬೇಗ ಎತ್ತುವುದಿಲ್ಲ, ನಂಬರ್ ನೋಡುತ್ತಾ ನಿಂತಿರುತ್ತಾಳೆ, ರಿಂಗ್ ನಿಂತರೆ ಮತ್ತೆ ಮಾಡಿ. ಠಾಣೆಯಿಂದ ಎಂದು ಮೊದಲು ಹೇಳಿ. ಬಾಗಿಲು ತೆರೆಯಬೇಡ, ನಾಳೆ ಕೆಲಸಕ್ಕೆ ಹೋಗಬೇಡ, ಕೀಲಿ ಒಳಗೆ ತೆಗೆದುಕೋ ಎಂದು ಹೇಳಿ. ಯಾರಿಂದ ಹೀಗಾಯಿತು ಎಂದು ಕೇಳಿದರೆ ನನ್ನ ಹೆಸರು ಹೇಳಿ. ಬೆಳಗಾಗುವ ಮೊದಲು, ದಯವಿಟ್ಟು, ಒಂದು ಫೋನ್ ಮಾಡಿ.